ಅಮ್ಮ ಕೇಳಿದ ಆಕು

ನಮ್ಮಮ್ಮ ಮುನಿಶಾಮಮ್ಮ ಸಾಯುವ ಮುಂಚೆ ಹದಿನೆಂಟು ದಿನ ಒಂದೇ ಒಂದು ಮಾತು ಆಡಿದಳು. ಆ ಒಂದು ಮಾತೂ ನನಗೆ ಅರ್ಥವಾಗಲಿಲ್ಲ. ನಲವತ್ತಮೂರು ವರ್ಷ ಅವಳ ಮಗಳಾಗಿದ್ದವಳು ನಾನು. ಹೇಳಿಕೊಳ್ಳುವುದಕ್ಕೆ ನಾಚಿಕೆ. ಹೇಳದಿದ್ದರೆ ಎದೆ ಒಡೆದುಹೋಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ನಡುವೆ ಯಾರೂ ಸಮಾಧಾನ ಮಾಡಬೇಡಿ, ನನಗೆ ಸಿಟ್ಟು ಬರುತ್ತದೆ.

ಅಪ್ಪ ಹೋದ ಮೇಲೆ ಅಮ್ಮ ಹೋಳೂರಿನ ಹಿಪ್ಪುನೇರಳೆ ತೋಟವನ್ನು ಚಿಕ್ಕಪ್ಪನ ಮಕ್ಕಳಿಗೆ ನೋಡಿಕೊಳ್ಳಲು ಬಿಟ್ಟು ಮಾಲೂರಿಗೆ, ನಮ್ಮ ಮನೆಗೆ ಬಂದಳು. ಆರು ವರ್ಷದ ಹಿಂದಿನ ಮಾತು. ನನ್ನ ಗಂಡ ಶಿವಶಂಕರ್ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರು. ನಾನು ದಿನಾ ಬೆಳಗ್ಗೆ ರೈಲು ಹತ್ತಿ ವೈಟ್‌ಫೀಲ್ಡಿಗೆ ಹೋಗಿ, ಅಲ್ಲೊಂದು ಬೊಟೀಕಿನಲ್ಲಿ ಬ್ಲೌಸುಗಳ ಮೇಲೆ ಆರಿ ಸೂಜಿಯಲ್ಲಿ ಕಸೂತಿ ಹಾಕುವವಳು. ಅಮ್ಮ ಬರುವಾಗ ಎರಡು ಸೀರೆ ಗಂಟು, ಎಲೆ ಅಡಿಕೆ ಚೀಲ, ರಂಗೋಲಿ ಪುಡಿಯ ಒಂದು ತಗಡಿನ ಡಬ್ಬಿ ತಂದಿದ್ದಳು. ಮಾರನೆಯ ದಿನ ಬೆಳಕು ಹರಿಯುವಷ್ಟರಲ್ಲಿ ನಮ್ಮ ಬಾಗಿಲ ಮುಂದೆ ರಂಗೋಲಿ ಇತ್ತು.

ಎಲ್ಲರ ಮನೆ ಮುಂದೂ ಇರುತ್ತದಲ್ಲ ಅನ್ನಬೇಡಿ. ನಮ್ಮಮ್ಮ ಒಂದು ದಿನ ಹಾಕಿದ್ದನ್ನು ಇನ್ನೊಂದು ದಿನ ಹಾಕಿದವಳಲ್ಲ. ಎದುರುಮನೆ ಶ್ಯಾಮಲಮ್ಮನ ಹತ್ತಿರ ತೂತು ತೂತಿನ ಪ್ಲಾಸ್ಟಿಕ್ ಅಚ್ಚು ಇತ್ತು. ಪುಡಿ ತುಂಬಿ ಕುಟ್ಟಿದರೆ ಕಮಲ ಬೀಳುತ್ತಿತ್ತು. ಅವಳು ಅದನ್ನು ಅಮ್ಮನಿಗೂ ಕೊಡಲು ಬಂದಳು.

"ಇದೊತ್ತೋಕೆ ನಾನ್ಯಾಕೆ ಬೇಕು ಶ್ಯಾಮ್ಲಾ? ನಿಮ್ಮನೆ ಬೆಕ್ಕಿನ್ ಕೈಗೆ ಕೊಟ್ರೆ ಅದೂ ಒತ್ತುತ್ತೆ," ಅಂದಳು ಅಮ್ಮ. ಶ್ಯಾಮಲಮ್ಮ ಎರಡು ದಿನ ಮಾತು ಬಿಟ್ಟಿದ್ದಳು.

ಅಮ್ಮನಿಗೆ ದಿನಾ ಹೊಸದು ಎಲ್ಲಿಂದ ಬರುತ್ತಿತ್ತು? ನನ್ನಿಂದ. ಅವಳಿಗೆ ಮಂಡಿ ನೋವು, ಬೀದಿ ದಾಟುತ್ತಿರಲಿಲ್ಲ. ಸಾಯಂಕಾಲ ನಾನು ಚಪ್ಪಲಿ ಬಿಡುವ ಮುಂಚೆಯೇ ಕೇಳುತ್ತಿದ್ದಳು, "ಏಮೇ ಲಚ್ಚಿ, ಈ ಪೊದ್ದು ಏಮಿ ಚೂಸ್ತಿವೇ?" ಇವತ್ತು ಏನು ನೋಡಿದೆ ಅಂತ. ಏನಾದರೂ ಒಂದು ಹೇಳಲೇಬೇಕು. ದೇವನಗೊಂತಿ ಹತ್ತಿರದ ಎಣ್ಣೆ ಟ್ಯಾಂಕುಗಳನ್ನು ಹೇಳಿದರೆ ಬೆಳಗ್ಗೆ ಒಂದರೊಳಗೊಂದು ಒಂಬತ್ತು ಸುತ್ತು. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು ಕನಕಾಂಬರ ಕಟ್ಟುತ್ತಿದ್ದಳು ಅಂದರೆ, ಬೆಳಗ್ಗೆ ಅಂಗಳದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೂವಿನ ಸರ. ಒಬ್ಬನ ಟೊಮೆಟೊ ಚೀಲ ಹರಿದು ಹಣ್ಣೆಲ್ಲಾ ಸೀಟಿನ ಕೆಳಗೆ ಉರುಳಿದ್ದನ್ನು ಹೇಳಿದ ದಿನ ಅವಳು ನಕ್ಕಿದ್ದೂ ನಕ್ಕಿದ್ದೇ. ಮಾರನೆಯ ದಿನ ನಮ್ಮ ರಂಗೋಲಿ ಶ್ಯಾಮಲಮ್ಮನ ಮನೆ ಮೆಟ್ಟಿಲವರೆಗೆ ಉರುಳಿಕೊಂಡು ಹೋಗಿತ್ತು.

"ನೀನ್ ನೋಡ್ಕಂಡ್ ಬಾ, ನಾನ್ ಆಕ್ತೀನಿ," ಅನ್ನುತ್ತಿದ್ದಳು. ಅದೇ ನಮ್ಮಿಬ್ಬರ ಒಪ್ಪಂದ.

ಅವಳ ಭಾಷೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅವಳ ತವರು ಮುಳಬಾಗಿಲ ಕಡೆ ದೇವರಾಯಸಮುದ್ರ, ಮಾತು ತೆಲುಗು. ಸೇರಿದ್ದು ಹೋಳೂರಿನ ಕನ್ನಡದವರ ಮನೆಗೆ. ಬೈಯುವುದು, ಮುದ್ದು ಮಾಡುವುದು, ಎಲೆ ಅಡಿಕೆ ಕೇಳುವುದು ತೆಲುಗಿನಲ್ಲಿ. ಎಲೆ ಅಡಿಕೆಗೆ ಅವಳು 'ಆಕು ವಕ್ಕ' ಅನ್ನುತ್ತಿದ್ದಳು. ಎಲೆ ಅಂದರೆ ತೆಲುಗಿನಲ್ಲಿ ಆಕು. ರಂಗೋಲಿ ಮಾತ್ರ ಅವಳ ಅತ್ತೆ ಕಲಿಸಿದ್ದು, ಹಾಗಾಗಿ ಅದರ ಮಾತೆಲ್ಲಾ ಕನ್ನಡ. ಇದೆಲ್ಲಾ ನನಗೆ ಗೊತ್ತಿತ್ತು ನೋಡಿ. ಗೊತ್ತಿದ್ದೂ ದಡ್ಡಿಯಾದೆ.

ಅಮ್ಮನ ಈ ಚಟ ನನಗೂ ಹತ್ತಿತು. ರೈಲಿನಲ್ಲಿ ಮೊದಲು ನಿದ್ದೆ ಹೊಡೆಯುತ್ತಿದ್ದವಳು ಕಿಟಕಿಗೆ ಕಣ್ಣಿಟ್ಟುಕೊಂಡು ಕೂರತೊಡಗಿದೆ. ಸಾಯಂಕಾಲ ಹೇಳುವುದಕ್ಕೆ ಏನಾದರೂ ಬೇಕಲ್ಲ? ಹಾಗೆ ನೋಡುತ್ತಾ ನೋಡುತ್ತಾ ನನ್ನ ಸೂಜಿಗೂ ಏನೇನೋ ಹೊಳೆಯಲು ಶುರುವಾಯಿತು. ಹಿಂದೆಲ್ಲಾ ಫೋನಿನಲ್ಲಿ ಬಂದ ಡಿಸೈನನ್ನು ಕಣ್ಣು ಮುಚ್ಚಿ ಇಳಿಸುತ್ತಿದ್ದೆ.

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ನಮ್ಮ ಡಬ್ಬಿಯ ಹೆಂಗಸರು ಮಡಿಲಲ್ಲಿ ಕಾಯಿ ಹಾಕಿಕೊಂಡು ಬಿಡಿಸುತ್ತಾ ಬರುತ್ತಿದ್ದರು. ಇಡೀ ಬೋಗಿ ಅವರೆ ಸೊಗಡಿನ ವಾಸನೆ. ನಾನು ಒಂದು ರವಿಕೆಯ ತೋಳಿನ ಮೇಲೆ ಜರಿಯಲ್ಲಿ ಅವರೆ ಬಳ್ಳಿ ಹಾಕಿದೆ. ಬಾಯಿ ಬಿಟ್ಟ ಕಾಯಿ, ಒಳಗೆ ಹಸಿರು ಮಣಿಯ ಕಾಳು. ನಾಲ್ಕು ದಿನ ಊಟದ ಹೊತ್ತಿನಲ್ಲೂ ಏಳದೆ ಹಾಕಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿರುವುದನ್ನು ಹಾಕಿರಲಿಲ್ಲ.

ಬೊಟೀಕಿನ ಒಡತಿ ಶಿರೀಷಾ ಅದನ್ನು ಎತ್ತಿ ಹಿಡಿದು ಗಿರಾಕಿಗಳ ಮುಂದೆಯೇ ನಕ್ಕಳು. "ಏನ್ರೀ ಇದು, ಅವರೆಕಾಯಿ ಬ್ಲೌಸಾ? ಮದುವೆ ಹುಡುಗಿ ಇದನ್ನಾಕ್ಕೊಂಡು ಮಂಟಪಕ್ಕೆ ಹೋಗ್ಬೇಕಾ, ಸಂತೆಗೆ ಹೋಗ್ಬೇಕಾ? ಬಿಚ್ಚಿಬಿಡಿ. ಫೋನಲ್ಲಿ ಕಳ್ಸಿದ್ದೀನಲ್ಲ ನವಿಲು, ಅದನ್ನ ಹಾಕಿ."

ನಾನೇ ಹಾಕಿದ್ದನ್ನು ನಾನೇ ಕೂತು ಬಿಚ್ಚಿದೆ. ಒಂದೊಂದು ಕಾಳೂ ಉದುರಿತು. ರೈಲಿನಲ್ಲಿ ಕಿಟಕಿ ಕಡೆ ತಿರುಗಲೇ ಇಲ್ಲ.

ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ. "ಏಮೇ ಲಚ್ಚಿ, ಏಮಿ ಚೂಸ್ತಿವೇ?"

ನನಗೆ ಎಲ್ಲಿತ್ತೋ ಸಿಟ್ಟು. "ಏನೂ ನೋಡ್ಲಿಲ್ಲ! ನೋಡಕ್ ಏನೈತೆ ನಮ್ ಬಾಳಲ್ಲಿ? ನೀನ್ ಹಾಕಿದ್ನ ಒಂಬತ್ ಗಂಟೆಗೆ ಹಾಲಿನೋನ ಬೈಕು ತುಳ್ಕೊಂಡ್ ಹೋಗುತ್ತೆ. ಅದಕ್ ನಾನ್ ದಿನಾ ಕಣ್ ಬಿಟ್ಕೊಂಡ್ ಬರ್ಬೇಕಾ? ಈ ಹುಚ್ಚನ್ನ ನಂಗೂ ಹಿಡ್ಸಿ ನಾಲ್ಕ್ ಜನ ನನ್ ನೋಡಿ ನಗೋ ಹಂಗ್ ಮಾಡ್ದೆ. ಇನ್ಮೇಲೆ ಕೇಳ್ಬೇಡ ನನ್ನ. ಕೇಳ್ಲೇಬೇಡ!"

ಅಮ್ಮ ಒಳಗೆ ಹೋಗಿ ನನಗೆ ಮುದ್ದೆ ಬಡಿಸಿದಳು. ಸಾರು ಅವರೆಕಾಳಿನದ್ದೇ ಆಗಿತ್ತು.

ಮಾರನೆಯ ದಿನ ಬಾಗಿಲ ಮುಂದೆ ಬರೀ ಚುಕ್ಕಿ. ಏಳು ಸಾಲು, ಸಾಲಿಗೆ ಏಳು. ಒಂದು ಗೆರೆ ಇಲ್ಲ. ಅದರ ಮಾರನೆಯ ದಿನವೂ ಅಷ್ಟೇ. ಶ್ಯಾಮಲಮ್ಮ ನನ್ನನ್ನು ತಡೆದು ನಗುತ್ತಾ ಹೇಳಿದಳು, "ಏನೇ, ನಿಮ್ಮಮ್ಮನ್ ಕೇಳಿದ್ರೆ 'ನಮ್ ಲಚ್ಚಿ ಏನೂ ನೋಡ್ಲಿಲ್ವಂತೆ, ನಾನೇನ್ ಆಕ್ಲಿ' ಅಂತಾಳಲ್ಲೇ." ನನಗೆ ಮತ್ತಷ್ಟು ಉರಿಯಿತು. ಬೀದಿಯವರ ಮುಂದೆ ನನ್ನ ಮಾನ ಕಳೆಯುತ್ತಿದ್ದಾಳೆ ಅಂದುಕೊಂಡೆ. ಬೇಕಂತಲೇ ಚುಕ್ಕಿಗಳನ್ನು ತುಳಿದುಕೊಂಡೇ ರೈಲಿಗೆ ಹೋದೆ. ಎಂಟು ದಿನ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಒಂಬತ್ತನೆಯ ಬೆಳಗ್ಗೆ ದಬ್ ಅಂತ ಶಬ್ದವಾಯಿತು. ಹೋಗಿ ನೋಡಿದರೆ ಅಮ್ಮ ಅಂಗಳದಲ್ಲಿ ಚುಕ್ಕಿಗಳ ಮೇಲೆ ಬಿದ್ದಿದ್ದಳು. ಡಬ್ಬಿ ಉರುಳಿ ಪುಡಿ ಚೆಲ್ಲಿತ್ತು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಕೋಲಾರದ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಲಕ್ವ. ಬಲಗೈ ಬಲಗಾಲು ಸ್ವಾಧೀನ ಇಲ್ಲ, ಮಾತು ಹೋಗಿದೆ ಅಂದರು ಡಾಕ್ಟರು. "ಮೊದಲು ಕಲಿತ ಭಾಷೇದು ಒಂದೆರಡು ಪದ ಉಳಿಬಹುದು. ನುಂಗೋಕೆ ಕಷ್ಟ, ಗಂಜಿ ಬಿಟ್ರೆ ಏನೂ ಕೊಡ್ಬೇಡಿ. ಎಲೆ ಅಡಿಕೆ ಅಂತೂ ಮುಟ್ಟಿಸ್ಲೇಬೇಡಿ, ಗಂಟಲಿಗೆ ಸಿಕ್ಕೊಂಡ್ರೆ ಜೀವಕ್ಕೇ ಕುತ್ತು ಬರುತ್ತೆ," ಅಂದರು.

ಮನೆಗೆ ಕರೆತಂದು ಹಾಲ್‌ನಲ್ಲಿ ಮಂಚ ಹಾಕಿ ಮಲಗಿಸಿದೆವು. ಅಲ್ಲಿಂದ ಬಾಗಿಲು ನೇರ ಕಾಣುತ್ತಿತ್ತು. ನಾನು ಕೆಲಸಕ್ಕೆ ರಜೆ ಹಾಕಿದೆ. ಮೊದಲನೆಯ ದಿನವೇ ಅಮ್ಮ ನನ್ನ ಕಡೆ ನೋಡಿ, ಗಂಟಲಿನಿಂದ ಕಿತ್ತು ತೆಗೆದ ಹಾಗೆ ಒಂದು ಮಾತು ಹೇಳಿದಳು.

"ಆಕು."

ನನಗೆ ಎಷ್ಟು ಖುಷಿಯಾಯಿತು ಅಂದರೆ ಗಂಡನನ್ನು ಕೂಗಿ ಕರೆದೆ. "ಅಮ್ಮ ಮಾತಾಡಿದ್ಳು ರೀ! ಎಲೆ ಅಡಿಕೆ ಕೇಳ್ತಾವ್ಳೆ!" ಅವಳು ಎಡಗೈ ಎತ್ತಿ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಸವರಿ ತೋರಿಸಿದಳು. ಎಲೆಗೆ ಸುಣ್ಣ ಸವರುವುದು ಹಾಗೇ ಅಲ್ಲವೇ? ಐವತ್ತು ವರ್ಷ ಎಲೆ ಅಡಿಕೆ ಹಾಕಿದ ಬಾಯಿ. ನನಗೆ ಇನ್ನೇನು ಹೊಳೆಯಬೇಕು ಹೇಳಿ.

"ಬೇಡಮ್ಮ, ಡಾಕ್ಟ್ರು ಬೈತಾರೆ," ಅಂದೆ. ಅವಳು ತಲೆ ಆಡಿಸಿದಳು. "ಆಕು." ಬಾಗಿಲ ಕಡೆ ನೋಡಿದಳು. "ಆಕು." ಬೀದಿ ಕೊನೆಯ ಅಂಗಡಿಯಿಂದ ತಾ ಅನ್ನುತ್ತಿದ್ದಾಳೆ ಅಂದುಕೊಂಡೆ.

ನಾಲ್ಕು ದಿನ ತಡೆದೆ. ಐದನೆಯ ದಿನ ನನ್ನ ಕೈಯಲ್ಲಿ ಆಗಲಿಲ್ಲ. ಹೋಗುವ ಜೀವ ಇಷ್ಟು ಕೇಳುತ್ತಿದೆ, ಕೊಡದೆ ಹೇಗಿರಲಿ? ಎಳೆ ಎಲೆ ತಂದು, ಕುಟ್ಟಿ, ರಸ ಹಿಂಡಿ ಬೆರಳ ತುದಿಯಲ್ಲಿ ಅವಳ ನಾಲಿಗೆಗೆ ಸವರಿದೆ. ಅಮ್ಮ ಅದನ್ನು ಉಗಿದಳು. ಕಣ್ಣಲ್ಲಿ ನೀರು ಬಂತು. "ಆಕು," ಅಂದಳು ಮತ್ತೆ.

ಹಾಗಾದರೆ ವೀಳ್ಯದೆಲೆ ಅಲ್ಲ, ಬೇರೆ ಯಾವುದೋ ಎಲೆ. ಆಮೇಲೆ ನಾನು ಮಾಡಿದ್ದನ್ನು ಕೇಳಿದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಊಟಕ್ಕೆ ಕೇಳುತ್ತಿದ್ದಾಳೇನೋ ಅಂತ ಬಾಳೆ ಎಲೆ ತಂದು ಮುಂದೆ ಹಿಡಿದೆ. ತುಳಸಿ ತಂದೆ. ಬೇವು ತಂದೆ. ನಲವತ್ತು ವರ್ಷ ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ದವಳು, ತೋಟದ ನೆನಪಾಗಿರಬೇಕು ಅಂತ ಶಿವಶಂಕರ್‌ನನ್ನು ಅವಳ ಹತ್ತಿರ ಕೂರಿಸಿ ಹೋಳೂರಿಗೆ ಬಸ್ಸು ಹತ್ತಿದೆ. ಹಿಪ್ಪುನೇರಳೆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಅಮ್ಮ ಅವನ್ನು ಎಡಗೈಯಲ್ಲಿ ಮುಟ್ಟಿ ನೋಡಿದಳು, ಮೂಸಿದಳು, ಪಕ್ಕಕ್ಕೆ ಇಟ್ಟಳು. ಬಾಗಿಲು ನೋಡಿದಳು.

"ಆಕು."

ದೇವರಾಯಸಮುದ್ರಕ್ಕೂ ಹೋದೆ. ಅಲ್ಲಿ ಕೆರೆ ಏರಿಯ ಮೇಲೆ ಆಲದ ಮರ ಇದೆ, ಅದರ ಕೆಳಗೆ ಚಿಕ್ಕವಳಿದ್ದಾಗ ಆಡುತ್ತಿದ್ದೆ ಅಂತ ಅವಳು ಹೇಳುತ್ತಿದ್ದಳು. ಎರಡು ಬಸ್ಸು ಬದಲಾಯಿಸಿ ಹೋಗಿ ನಾಲ್ಕು ಆಲದ ಎಲೆ ಕಿತ್ತುಕೊಂಡು ಬಂದೆ. ಅದನ್ನೂ ಪಕ್ಕಕ್ಕಿಟ್ಟಳು. ಹೆಬ್ಬೆರಳನ್ನು ಬೆರಳ ಮೇಲೆ ಸವರಿ ಸವರಿ ತೋರಿಸಿದಳು.

ನನ್ನ ಹಾಳು ಸಿಟ್ಟು ಆಗಲೂ ಬಂತು. ಎಲೆಗಳಿದ್ದ ಮೊರವನ್ನು ಮಂಚದ ಮೇಲೆ ಎಸೆದೆ. "ಊರಲ್ಲಿರೋ ಆಕೆಲ್ಲಾ ತಂದೆ! ಇನ್ಯಾವ ಆಕಮ್ಮಾ ನಿಂಗೆ? ಯಾಕ್ ಹಿಂಗ್ ಪ್ರಾಣ ತಿಂತೀಯ?"

ಅಮ್ಮ ಗೋಡೆ ಕಡೆ ಮುಖ ತಿರುಗಿಸಿಕೊಂಡಳು. ಒಂದು ಇಡೀ ದಿನ ಆ ಮಾತನ್ನೂ ಆಡಲಿಲ್ಲ. ನಾನು ಅವಳ ಕಾಲು ಹಿಡಿದು ಅತ್ತೆ. ಅವಳು ಎಡಗೈಯಲ್ಲಿ ನನ್ನ ತಲೆ ಸವರಿದಳು. ಹಾಗೆ ಸವರಬಾರದಿತ್ತು, ಬೈದಿದ್ದರೆ ಒಳ್ಳೆಯದಿತ್ತು.

ಹದಿನೆಂಟನೆಯ ದಿನ ಮಧ್ಯಾಹ್ನ ನನ್ನ ಕೈ ಎಳೆದುಕೊಂಡು ಅಂಗೈ ಬಿಡಿಸಿದಳು. ಅದರ ಮೇಲೆ ಬೆರಳ ತುದಿಯನ್ನು ಒತ್ತಿದಳು. ಸ್ವಲ್ಪ ಪಕ್ಕಕ್ಕೆ ಇನ್ನೊಮ್ಮೆ. ಅದರ ಪಕ್ಕಕ್ಕೆ ಮತ್ತೊಮ್ಮೆ. ಏಳು ಸಲ ಒತ್ತಿ ನನ್ನ ಮುಖ ನೋಡಿದಳು. "ಆಕು," ಅಂದಳು, ಬಹಳ ಮೆತ್ತಗೆ.

ಮುದ್ದು ಮಾಡುತ್ತಿದ್ದಾಳೆ ಅಂದುಕೊಂಡೆ. "ಹೂನಮ್ಮ, ತರ್ತೀನಿ, ಮಲ್ಕೋ," ಅಂದೆ.

ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಳು.

ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋಗಬೇಕಿತ್ತು. ಬೆಳಗ್ಗೆ ಎದ್ದು ಬಾಗಿಲು ತೆರೆದೆ. ಅಂಗಳ ಬಣಬಣ ಅನ್ನುತ್ತಿತ್ತು. ಸಾವಿಗೆ ಬಂದವರ ಚಪ್ಪಲಿಯ ಮಣ್ಣು, ಉದುರಿದ ಹೂವು, ಮಂಡಕ್ಕಿ. ಬಕೆಟ್ಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಎದುರುಮನೆ ಬಾಗಿಲಿನಿಂದ ಶ್ಯಾಮಲಮ್ಮ ಕೂಗಿದಳು.

"ಯಾಕಂಗ್ ನಿಂತಿದ್ಯೇ ಲಚ್ಚಿ? ನೀರ್ ಆಕು. ಸಗಣಿ ನೀರ್ ಕಲ್ಸಿ ಆಕು. ರಂಗೋಲಿ ಮಾತ್ರ ಆಕ್ಬೇಡ ಕಣೇ, ಅನ್ನೊಂದ್ ದಿನ ಆಗೋಗಂಟ ಆಕಂಗಿಲ್ಲ."

ನನ್ನ ಕೈಯಿಂದ ಬಕೆಟ್ಟು ಬಿತ್ತು.

ಆಕು. ನಮ್ಮ ಕಡೆ ಹಳೇ ಕಾಲದವರ ಬಾಯಲ್ಲಿ 'ಹ' ಎಲ್ಲಿ ನಿಲ್ಲುತ್ತದೆ? ಹಾಲು ಅಂದರೆ ಆಲು, ಹೂವು ಅಂದರೆ ಊವು. ಹಾಕು ಅಂದರೆ ಆಕು. ಅಮ್ಮ ತೆಲುಗಿನಲ್ಲಿ ಎಲೆ ಕೇಳಲಿಲ್ಲ. ಕನ್ನಡದಲ್ಲಿ ಹಾಕು ಅಂದಳು. ಬಾಗಿಲು ನೋಡಿದ್ದು ಅಂಗಡಿಗಲ್ಲ, ಅಂಗಳಕ್ಕೆ. ಬೆರಳು ಸವರಿದ್ದು ಸುಣ್ಣಕ್ಕಲ್ಲ, ರಂಗೋಲಿ ಪುಡಿ ಬಿಡುವುದಕ್ಕೆ. ನನ್ನ ಅಂಗೈಯಲ್ಲಿ ಅವಳು ಇಟ್ಟಿದ್ದು ಏಳು ಚುಕ್ಕಿ. ನಾನು ಹಾಕುವುದಕ್ಕೆ ಆಗುತ್ತಿಲ್ಲ, ನೀನು ಹಾಕು ಲಚ್ಚಿ ಅಂತ ಹದಿನೆಂಟು ದಿನ ಕೇಳಿಕೊಂಡಳು. ನಾನು ಊರೂರು ಅಲೆದು ಎಲೆ ತಂದೆ. ಕೈಗೆ ಸಿಗುವಷ್ಟು ದೂರದಲ್ಲಿ, ಮಂಚದ ಕೆಳಗೇ ಇತ್ತು ಡಬ್ಬಿ.

ಎಷ್ಟು ಜೋರಾಗಿ ಅತ್ತೆನೋ, ಶಿವಶಂಕರ್ ಒಳಗಿನಿಂದ ಓಡಿ ಬಂದ. ನಾನು ಅವನನ್ನು ತಳ್ಳಿಕೊಂಡು ಒಳಗೆ ಹೋಗಿ ಡಬ್ಬಿ ತಂದೆ. ಅಮ್ಮ ಬಿದ್ದ ದಿನ ಯಾರೋ ನೆಲದಿಂದ ಬಾಚಿ ತುಂಬಿದ್ದ ಪುಡಿ, ಅರ್ಧ ಮಣ್ಣು. ಅಂಗಳದಲ್ಲಿ ಕೂತು ಚುಕ್ಕಿ ಇಡತೊಡಗಿದೆ.

"ಏಯ್, ಏನೇ ಇದು! ಸೂತ್ಕದ್ ಮನೆ ಕಣೇ, ಮನೆಗೆ ಕೇಡಾಗುತ್ತೆ!" ಅಂತ ಶ್ಯಾಮಲಮ್ಮ ಓಡಿ ಬಂದು ನನ್ನ ಕೈ ಹಿಡಿದಳು.

"ಇನ್ನೇನ್ ಕೇಡಾಗ್ಬೇಕಕ್ಕ? ಬಿಡು ನನ್ ಕೈ!" ಅಂದೆ. ಆಮೇಲೆ ಹೇಳಿದೆ, ಅಮ್ಮ ಏನು ಕೇಳಿದ್ದು ಅಂತ.

ಶ್ಯಾಮಲಮ್ಮ ಕೈ ಬಿಟ್ಟಳು. ನಿಂತಲ್ಲೇ ಕುಸಿದು ಕೂತಳು. "ಅಯ್ಯೋ ದೇವ್ರೇ. ನಾನೂ ದಿನಾ ಬಂದು ಕೇಳುಸ್ಕಂಡ್ನಲ್ಲೇ. ದಿನಕ್ಕ್ ನೂರ್ ಸಲ ಆಕು ಅನ್ನೋಳು ನಾನು. ನಂಗೂ ಒಳೀಲಿಲ್ವಲ್ಲೇ," ಅಂತ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

ಏಳು ಸಾಲು, ಸಾಲಿಗೆ ಏಳು. ಚುಕ್ಕಿ ಮುಗಿಯಿತು. ಗೆರೆ ಎಳೆಯಬೇಕು, ಏನು ಎಳೆಯಲಿ? ಹಾಕಬೇಕಾದರೆ ನೋಡಿರಬೇಕು. ಇಪ್ಪತ್ತೈದು ದಿನದಿಂದ ನಾನು ಅಮ್ಮನನ್ನು ಬಿಟ್ಟು ಇನ್ನೇನು ನೋಡಿದ್ದೆ? ತಲೆ ಎತ್ತಿದರೆ ತೆರೆದ ಬಾಗಿಲಿನೊಳಗೆ, ಮಂಚ ತೆಗೆದ ಜಾಗದಲ್ಲಿ ಆ ಮೊರ ಕಾಣಿಸಿತು. ಬಿಸಾಡಲು ಯಾರಿಗೂ ನೆನಪಾಗಿರಲಿಲ್ಲ. ವೀಳ್ಯದೆಲೆ ಕಪ್ಪಾಗಿತ್ತು, ಹಿಪ್ಪುನೇರಳೆ ಮುದುರಿತ್ತು, ಆಲದ ಎಲೆ ಮಾತ್ರ ಹಾಗೇ ಇತ್ತು.

ಎಲೆಗಳನ್ನೇ ಹಾಕಿದೆ. ಮೂಲೆಗೊಂದು ವೀಳ್ಯದೆಲೆ, ನಡುವೆ ಆಲದ ಎಲೆ, ಸುತ್ತ ಹಿಪ್ಪುನೇರಳೆ. ಬೇವಿನ ಗರಿ. ನರಗಳನ್ನೂ ಬಿಡದೆ ಎಳೆದೆ. ಮಣ್ಣು ಬೆರೆತ ಪುಡಿ, ಗೆರೆ ಅಲ್ಲಲ್ಲಿ ದಪ್ಪಗಾಯಿತು. ಯಾವ ಫೋನಿನಿಂದಲೂ ಇಳಿಸಿದ್ದಲ್ಲ. ನನ್ನ ಕಣ್ಣು ಕಂಡಿದ್ದು, ನನ್ನ ತಪ್ಪು ತಂದಿದ್ದು.

ಹಾಲಿನವನು ಬೀದಿಯ ತಿರುವಿನಲ್ಲೇ ಬೈಕು ನಿಲ್ಲಿಸಿ ಇಳಿದು, ಕ್ಯಾನು ಕೈಯಲ್ಲಿ ಹಿಡಿದು ನಡೆದು ಬಂದ.

ಎದ್ದು ಒಳಗೆ ಹೋದೆ. ಮಂಚ ಇದ್ದ ಕಡೆ ದೀಪ ಉರಿಯುತ್ತಿತ್ತು. "ಅಮ್ಮಾ, ಆಕಿದೀನಿ. ನೋಡು," ಅಂದೆ. ಅವಳು ಮಲಗಿದ್ದ ಜಾಗದಲ್ಲೇ ನೆಲದ ಮೇಲೆ ಮಲಗಿ ಬಾಗಿಲ ಕಡೆ ನೋಡಿದೆ. ಅಲ್ಲಿಂದ ಅಂಗಳ ಪೂರ್ತಿ ಕಾಣುತ್ತಿತ್ತು, ಒಂದು ಗೆರೆಯೂ ಮರೆಯಾಗದೆ.